ಹುರಿದ ಹಿಟ್ಟಿನ ಸಾಕ್ಷಿ

"ಈ ಅಕ್ಷರ ಯಾರದು ಮಾಸ್ತರ?"

ಜಮಾದಾರ ಜಿಲಾನಸಾಬ ತಗಡಿನ ಡಬ್ಬಿಯೊಂದನ್ನು ಬೇವಿನ ಕಟ್ಟೆಯ ಮೇಲೆ ಟಣ್ಣನೆ ಕುಕ್ಕಿದ. ಡಬ್ಬಿಯ ಮೈಗೆ ಚೀಟಿ ಅಂಟಿಸಿತ್ತು. ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಮೂರು ಸಾಲು: 'ಮೊಳಕೆ ಜೋಳದ ಹಿಟ್ಟು. ಕೂಸಿನ ಗಂಜಿಗೆ. ಹುರಿಯಬಾರದು.'

"ನಂದ ಅಕ್ಷರ," ಎಂದ ಗ್ಯಾನಪ್ಪ.

"ಡಬ್ಬಿ ಎಲ್ಲೆ ಸಿಕ್ಕೈತಿ ಗೊತ್ತೇನು? ಗಾಳೆಮ್ಮನ ಅಡಗಿಮನಿ ಗೂಡಿನಾಗ. ನಿನ್ನೆ ಇವರ ಮಗ ಹುಲಿಗೆಪ್ಪ ಹುಡುಕಿ ತಂದಾನ."

ಇವರು ಎಂದರೆ ಮುದಿಯಪ್ಪ. ಭಾಗ್ಯನಗರದ ನೇಕಾರ ಕೇರಿಗೆ ಹಿರಿಯ. ಗ್ಯಾನಪ್ಪನ ಒಡಹುಟ್ಟಿದ ಅಕ್ಕನ ಗಂಡ. ಕಟ್ಟೆಯ ಮೇಲೆ ಹೆಗಲ ವಸ್ತ್ರ ಸರಿಮಾಡಿಕೊಳ್ಳುತ್ತ ಕೂತಿದ್ದ. ಅವನ ಮುಖದಲ್ಲಿ ದುಃಖವೂ ಇತ್ತು, ಗೆದ್ದ ಸಮಾಧಾನವೂ ಇತ್ತು.

ಕೇರಿಯ ಗಂಡಸರೆಲ್ಲ ಬೇವಿನ ನೆರಳಿನಲ್ಲಿ ಸೇರಿದ್ದರು. ನೆರಳು ಸಾಕಷ್ಟಿತ್ತು. ಆದರೂ ಗಾಳೆಮ್ಮನನ್ನು ಬಿಸಿಲಿನಲ್ಲಿ ಕೂಡಿಸಿದ್ದರು. ತೊಡೆಯ ಮೇಲೆ ಎರಡು ವರ್ಷದ ಮೊಮ್ಮಗಳು. ಕೂಸಿನ ತಲೆಗೆ ಸೆರಗು ಮರೆಮಾಡಿ ಆಕೆ ಸುಮ್ಮನೆ ನೆಲ ನೋಡುತ್ತಿದ್ದಳು. ಚೈತ್ರದ ಬಿಸಿಲು, ಹೊತ್ತು ಇನ್ನೂ ಏರುತ್ತಿತ್ತು. 'ಒಂದು ಮಾರು ಈಚೆ ಸರಿ' ಎನ್ನುವ ಬಾಯಿ ಆ ಮೂವತ್ತು ಜನರಲ್ಲಿ ಒಂದೂ ಇರಲಿಲ್ಲ. ಸಿಟ್ಟು ಬಾರದೆ ಇರುತ್ತದೆಯೇ?

ಗ್ಯಾನಪ್ಪನಿಗಂತೂ ನೆತ್ತಿಗೇರಿತ್ತು. ಆದರೆ ಈ ಸಲದ ಸಿಟ್ಟಿನಲ್ಲಿ ಅರ್ಧಪಾಲು ತನ್ನ ಮೇಲೆಯೇ ಇತ್ತು.

ಮೂರು ಸೋಮವಾರ, ನೂಲಿನ ಮೂರು ಹಾಸು ಹಾಳಾಗಿದ್ದವು. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ಹಾಸನ್ನು ಬಯಲಿನಲ್ಲಿ ಚಾಚಿ ಜೋಳದ ಗಂಜಿ ಬಳಿಯುವುದು ಕೇರಿಯ ಪದ್ಧತಿ. ಗಂಜಿ ಕುಡಿದ ನೂಲು ಬಿಗಿಯಾಗಿ ಲಾಳಿಯ ಹೊಡೆತ ತಾಳುತ್ತದೆ. ಈ ಮೂರು ಹಾಸುಗಳು ಗಂಜಿ ಬಳಿದ ಮೇಲೂ ಪಿಸಿಪಿಸಿ ಅಂಟಿದವು, ಮಗ್ಗಕ್ಕೆ ಏರಿದ್ದೇ ಪಟಪಟನೆ ಹರಿದವು. ಗಂಜಿ ಕಾಸುವವಳು ಗಾಳೆಮ್ಮ. ಗಂಡ ಸತ್ತು ನಾಲ್ಕು ವರ್ಷ. ಇನ್ನೇನು ಬೇಕು? ಆಕೆಯ ಕಾಲ್ಗುಣ, ಆಕೆಯ ನೆರಳು ಎಂದು ಕೇರಿ ತೀರ್ಪು ಕೊಟ್ಟೇಬಿಟ್ಟಿತ್ತು.

ನೆರಳಲ್ಲ, ಯಾರೋ ಮೊಳಕೆ ಜೋಳದ ಹಿಟ್ಟು ಬೆರೆಸಿದ್ದಾರೆ ಎಂದು ಮನೆಮನೆಗೆ ಹೋಗಿ ಹೇಳಿದವನು ಕೊಪ್ಪಳದ ಸಾಲಿಯ ವಿಜ್ಞಾನದ ಮಾಸ್ತರ ಗ್ಯಾನಪ್ಪ. ಹೇಳಿದ್ದು ಸರಿಯೇ. ಆದರೆ ಪರಿಣಾಮ ನೋಡಿ. ಮೊನ್ನೆಯವರೆಗೆ ಗಾಳೆಮ್ಮ ಬರೀ ಅಪಶಕುನವಾಗಿದ್ದಳು. ಇವತ್ತು ಬೇಕೆಂದೇ ಕೇರಿಯ ಹೊಟ್ಟೆಗೆ ಹೊಡೆದ ಕಳ್ಳಿಯಾಗಿದ್ದಳು.

"ಮಾಸ್ತರ ತಾನ ಹೇಳ್ಯಾನಲ್ಲ, ಮೊಳಕಿ ಹಿಟ್ಟ ಕಾರಣ ಅಂತ," ಎಂದ ಮುದಿಯಪ್ಪ. "ಹಿಟ್ಟು ಯಾರ ಮನ್ಯಾಗ ಸಿಕ್ತು? ಮುಗೀತಲ್ಲ! ಜಮಾದಾರ್ರ, ಆಕಿನ್ನ ಠಾಣೇಕ್ಕ ಒಯ್ರಿ. ನಾವು ಇವತ್ತ ಆಕಿ ಮಗ್ಗದ ಕುಣಿ ಮುಚ್ಚಿಸ್ತೀವಿ."

ಮಗ್ಗದ ಕುಣಿ ಮುಚ್ಚುವುದೆಂದರೆ ನೇಕಾರರ ಪಾಲಿಗೆ ಮನೆಯ ಒಲೆ ಕಿತ್ತಂತೆ. ಆ ಮನೆಯವರು ಮತ್ತೆ ಆ ಕೇರಿಯಲ್ಲಿ ನೇಯುವಂತಿಲ್ಲ. ಗಾಳೆಮ್ಮ ಮೊದಲ ಸಲ ತಲೆಯೆತ್ತಿದಳು.

"ಕೂಸಿನ್ನ ಎಲ್ಲೆ ಬಿಟ್ಟು ಹೋಗ್ಲಿರಿ ಜಮಾದಾರ್ರ?"

ಜಿಲಾನಸಾಬ ಕೂಸಿನ ಕಡೆ ನೋಡಿದ. ಪೇಟ ಸರಿಮಾಡಿಕೊಂಡ.

"ಒಂದು ತಾಸು ತಡೀರಿ," ಎಂದ ಗ್ಯಾನಪ್ಪ. "ಡಬ್ಬಿ ನಂದು. ಅದರಾಗ ಏನೈತಿ ಅಂತ ನಾ ನೋಡಬೇಕು."

"ನೋಡೂದೇನೈತಿ? ನಿನ್ನ ಕೈಲೆ ಬರದೀಯಲ್ಲ!"

"ಬರದದ್ದು ಚೀಟಿ ಮ್ಯಾಲ, ಮಾಂವಾ. ಡಬ್ಬಿ ಒಳಗ ಏನೈತಿ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಕೇರಿ ಅಂದು ಮೌನವಾಗಿತ್ತು. ಒಂದೇ ಒಂದು ಮಗ್ಗ ಮಾತ್ರ ನಡೆಯುತ್ತಿತ್ತು. ಮುದಿಯಪ್ಪನ ಮನೆಯ ಒಳಗಿನಿಂದ ಲಾಳಿ ಟಕ್ ಟಕ್ ಎನ್ನುತ್ತಿತ್ತು. ಡಬ್ಬಿ ತಂದು ಒಪ್ಪಿಸಿದ ಹುಲಿಗೆಪ್ಪ ತನ್ನ ಕೆಲಸ ಮುಗಿಯಿತೆಂಬಂತೆ ಹೋಗಿ ಮಗ್ಗದ ಮುಂದೆ ಕೂತಿದ್ದ. ಮೂರು ತಿಂಗಳಿಂದ ಗದಗಿಗೆ ಓಡಾಡುತ್ತಿದ್ದ, ಗಿರಣಿ ಬಟ್ಟೆಯ ಅಂಗಿ ಹಾಕಿಕೊಂಡು ಕೊಪ್ಪಳದಲ್ಲಿ ಗಿರಣಿ ಬಟ್ಟೆಯ ಅಂಗಡಿ ಹಾಕುತ್ತೇನೆ, ಮಗ್ಗ ಬಿಡು ಎಂದು ಅಪ್ಪನನ್ನು ಕಾಡುತ್ತಿದ್ದ ಹುಲಿಗೆಪ್ಪ ಇವತ್ತೇ ಇಷ್ಟು ಆಸೆಯಿಂದ ನೇಯಲು ಕೂತದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗ್ಯಾನಪ್ಪ ಡಬ್ಬಿಯ ಮುಚ್ಚಳ ತೆಗೆದ. ಮೂಗಿಗೆ ಹಿಡಿದ. ಮತ್ತೆ ಮೂಸಿದ. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಒಡ್ಡಿದ. ಅವನ ಮುಖದ ಬಣ್ಣ ಬದಲಾಯಿತು.

"ಚಿಗವ್ವಾ," ಎಂದು ಗಾಳೆಮ್ಮನ ಕಡೆ ತಿರುಗಿ ಗದರಿದ. "ಇದನ್ನ ಹುರದೀಯೇನು?"

ಗಾಳೆಮ್ಮ ತಪ್ಪು ಮಾಡಿದವಳಂತೆ ಮುದುಡಿದಳು. "ಹುರದೀನಪಾ."

"ಹುರೀಬ್ಯಾಡ ಅಂತ ನಾ ಹೇಳಿದ್ದಿಲ್ಲ? ಮೂರು ಸಲ ಹೇಳೀನಿ! ಬರದೂ ಕೊಟ್ಟೀನಿ!"

"ಬರದದ್ದು ನಂಗೇನ ಓದಾಕ ಬರ್ತೈತೇನಪಾ? ನೀ ಹೇಳಿದ್ದು ಖರೆ. ಆದ್ರ ಹಸಿ ಹಿಟ್ಟು ಕೂಸಿಗೆ ಹೆಂಗ ಹಾಕ್ಲಿ? ಹೊಟ್ಟಿ ಜಾಡಿಸ್ತೈತಿ. ನಮ್ಮವ್ವ ಹುರದು ಹಾಕಿ ನಮ್ಮನ್ನ ಬೆಳಿಸ್ಯಾಳ. ತಂದ ದಿನಾನ ಎಲ್ಲಾ ಹುರದುಬಿಟ್ಟೆ. ಅದಕ್ಕ ಕೂಸು ದಪ್ಪಾಗಲಿಲ್ಲೇನೋ."

ಗ್ಯಾನಪ್ಪ ಗೊಳ್ಳೆಂದು ನಕ್ಕುಬಿಟ್ಟ. ಮೂರು ವಾರದಲ್ಲಿ ಮೊದಲ ಸಲ. ಕೂತವರು ಮಾಸ್ತರನಿಗೆ ತಲೆ ಕೆಟ್ಟಿತೆಂದುಕೊಂಡರು.

"ನನ್ನ ಮಾತು ಕೇಳಲಿಲ್ಲ ನೋಡು, ಅದಕ್ಕ ಉಳಕೊಂಡಿ ಚಿಗವ್ವಾ," ಎಂದ. "ಜಮಾದಾರ್ರ, ನಾಲ್ಕು ಬಟ್ಟಲ ತರಿಸ್ರಿ. ಒಂದು ಗಡಿಗಿ ಬಿಸಿ ಗಂಜಿ. ಗಾಳೆಮ್ಮನ ಕೈ ಮುಟ್ಟಿರಬಾರದು, ಬ್ಯಾರೆ ಯಾರರ ಕಾಸ್ಲಿ."

ಗಂಜಿ ಬಂತು. ಉಗುರುಬೆಚ್ಚಗಾಗುವವರೆಗೆ ಕಾದ. ನಾಲ್ಕು ಬಟ್ಟಲಿಗೂ ಸಮನಾಗಿ ಹಾಕಿದ. ಸಾಲಿಯಿಂದ ತಂದಿದ್ದ ಕೈಚೀಲದಿಂದ ತಾನೇ ಮೊಳಕೆ ಬರಿಸಿ ನೆರಳಲ್ಲಿ ಒಣಗಿಸಿ ಬೀಸಿದ ಹಸಿ ಹಿಟ್ಟು ತೆಗೆದ. ಅದನ್ನೂ, ಗಾಳೆಮ್ಮನ ಡಬ್ಬಿಯ ಹಿಟ್ಟನ್ನೂ ಬೇರೆ ಬೇರೆ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ತಿಳಿ ಮಾಡಿಕೊಂಡ.

"ಮೊದಲನೇದಕ್ಕ ಏನೂ ಇಲ್ಲ. ಎರಡನೇದಕ್ಕ ಗಾಳೆಮ್ಮನ ಡಬ್ಬಿ ತಿಳಿ. ಮೂರನೇದಕ್ಕ ನನ್ನ ಹಸಿ ಹಿಟ್ಟಿನ ತಿಳಿ. ನಾಲ್ಕನೇದಕ್ಕ ಅದ ಹಸಿ ಹಿಟ್ಟಿನ ತಿಳೀನ್ನ ಕೊತಕೊತ ಕುದಿಸಿ, ಆರಿಸಿ ಹಾಕ್ತೀನಿ. ಎಲ್ಲಾರೂ ನೋಡ್ಕೋಳ್ರಿ. ಆಮ್ಯಾಲ ಕಣ್ಕಟ್ಟು ಅನಬ್ಯಾಡ್ರಿ."

ಬಟ್ಟಲುಗಳನ್ನು ಕಾದ ಕಲ್ಲಿನ ಮೇಲೆ ಸಾಲಾಗಿ ಇಟ್ಟ. ಅವು ಕಲ್ಲಿನ ಮೇಲೆ ಕೂತಿರುವಷ್ಟು ಹೊತ್ತು ಅವನ ಬಾಯಿ ಸುಮ್ಮನಿರಲಿಲ್ಲ.

"ಹಾಳಾದ ಹಾಸಿನ ಮ್ಯಾಲ ಇರುವಿ ಸಾಲು ಹತ್ತಿತ್ತು. ನೀವೆಲ್ಲಾ ನೋಡೀರಿ. ಗಂಜಿ ಬಳದ ನೂಲಿಗೆ ಎಂದರ ಇರುವಿ ಹತ್ತತೈತೇನು? ನಾ ನೂಲು ನೆಕ್ಕಿ ನೋಡಿದೆ, ಸೀ ಇತ್ತು. ಗಂಜಿ ಸಕ್ಕರಿ ಆಗಿತ್ತು. ಮೊಳಕಿ ಕಾಳಿನಾಗ ಒಂದು ಸತ್ವ ಇರ್ತೈತಿ. ಅದು ಗಂಜೀನ್ನ ತುಂಡು ತುಂಡು ಮಾಡಿ ಸಕ್ಕರಿ ಮಾಡ್ತೈತಿ. ಕೂಸಿನ ಗಂಜಿ ತೆಳ್ಳಗಾಗಿ ನುಂಗಾಕ ಬರ್ಲಿ ಅಂತ ನಾ ಕೊಟ್ಟದ್ದು ಅದಕ್ಕ."

"ಹುರದ್ರ ಏನಾಗತೈತಿ?" ಎಂದ ಜಿಲಾನಸಾಬ. ಅವನಿಗೆ ನಿಜಕ್ಕೂ ಕುತೂಹಲ ಹುಟ್ಟಿತ್ತು.

"ಸಾಯ್ತೈತಿ. ಅದು ಒಂದು ನಮೂನಿ ಉದ್ದನ ಎಳಿ ಇದ್ದಂಗ ಜಮಾದಾರ್ರ. ಮಡಚಿ ಮಡಚಿ ಒಂದು ಆಕಾರಕ್ಕ ಕುಂತಿರ್ತೈತಿ. ಆ ಆಕಾರ ಇದ್ರನ ಅದಕ್ಕ ಕೆಲಸ ಬರ್ತೈತಿ. ಕಾವು ಕೊಟ್ರ ಮಡಿಕಿ ಬಿಚ್ಚಿ ಗೋಜಲಾಗತೈತಿ. ನೂಲು ಅದ, ತೂಕ ಅದ. ಆದ್ರ ಸಿಕ್ಕಾದ ನೂಲು ಯಾವ ಮಗ್ಗಕ್ಕ ಬರ್ತೈತಿ, ನೀವ ಹೇಳ್ರಿ?"

ಕೂತವರು ತಲೆಯಾಡಿಸಿದರು. ಸಿಕ್ಕಾದ ನೂಲಿನ ಸಂಕಟ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಮಾತು ಕಲಿಯಲು ಗ್ಯಾನಪ್ಪ ಎಂಟು ವರ್ಷ ಮುಂಬಯಿಯಲ್ಲಿ ಒಬ್ಬ ಪ್ರೊಫೆಸರರ ಪ್ರಯೋಗಶಾಲೆಯಲ್ಲಿ ಗಾಜು ತೊಳೆದಿದ್ದ. ಮೊದಲು ಗಾಜು ತೊಳೆದ, ಆಮೇಲೆ ಕಾಳು ಮೊಳಕೆ ಬರಿಸಿದ, ಆಮೇಲೆ ಯಾವ ಕಾವಿಗೆ ಸತ್ವ ಸಾಯುತ್ತದೆ ಎಂದು ದಿನಕ್ಕೆ ನೂರು ಬಟ್ಟಲು ಇಟ್ಟು ಬರೆದುಕೊಂಡ. ಪ್ರಬಂಧ ಅಚ್ಚಾದಾಗ ಅದರಲ್ಲಿ ಅವನ ಹೆಸರೇ ಇರಲಿಲ್ಲ. ಕೇಳಿದ್ದಕ್ಕೆ, ಗಾಜು ತೊಳೆಯುವವರ ಹೆಸರು ಹಾಕುವ ರೂಢಿ ಇಲ್ಲ ಎಂದಿದ್ದರು. ಅಂದೇ ಗಂಟು ಕಟ್ಟಿದ. ಯಾರದೋ ಕೈ ಮಾಡಿದ್ದನ್ನು ಇನ್ಯಾರದೋ ತಲೆಗೆ ಕಟ್ಟುವುದನ್ನು ಕಂಡರೆ ಅವನಿಗೆ ಮೈ ಉರಿಯುವುದು ಅಂದಿನಿಂದಲೇ.

"ಹಾಂ, ಹಾಂ," ಎಂದ ಜಿಲಾನಸಾಬ ಇದ್ದಕ್ಕಿದ್ದಂತೆ. "ನಮ್ಮ ಸಾಹೇಬರಿಗೆ ಸಕ್ಕರಿ ಬ್ಯಾನಿ. ಹೈದರಾಬಾದಿನಿಂದ ಸೂಜಿ ಔಷಧ ಬರ್ತೈತಿ. ಒಮ್ಮಿ ಸೀಸಾ ನಾ ಬಿಸಲಾಗ ಇಟ್ಟೆ. ಔಷಧ ಸತ್ತುಹೋತು ಅಂತ ನನ್ನ ಚರ್ಮಾ ಸುಲಿಯೂದೊಂದ ಬಾಕಿ. ಸೀಸಾದಾಗ ನೋಡಿದ್ರ ಹಂಗ ಇತ್ತಲ್ಲ ಅಂದೆ ನಾ."

"ಅದೂ ಇದ ಜಾತಿ ವಸ್ತು ಜಮಾದಾರ್ರ. ದನದ ಮೈಯಾಗಿಂದು, ಆದ್ರ ಅದೂ ಮಡಚಿದ ಎಳಿನ. ನೋಡಾಕ ಹಂಗ ಇರ್ತೈತಿ, ಕೆಲಸ ಸತ್ತಿರ್ತೈತಿ."

"ತೋಬಾ!" ಎಂದ ಜಿಲಾನಸಾಬ. ಮೂರು ವರ್ಷದ ಹಿಂದೆ ತಿಂದ ಬೈಗುಳದ ಕಾರಣ ಅವನಿಗೆ ಇವತ್ತು ತಿಳಿದಿತ್ತು.

ಗ್ಯಾನಪ್ಪ ಬಿಳಿ ಪಿಂಗಾಣಿ ತಟ್ಟೆ ತೆಗೆದು, ಪ್ರತಿ ಬಟ್ಟಲಿನಿಂದ ಒಂದೊಂದು ಹನಿ ಹಾಕಿ ಆರಲು ಬಿಟ್ಟ. ಆಮೇಲೆ ಅಯೋಡಿನ್ ಸೀಸೆ ಬಿಚ್ಚಿದ. ಗಂಜಿ ಗಂಜಿಯಾಗಿಯೇ ಇದ್ದರೆ ಅದು ತಾಗಿದೊಡನೆ ನೀಲಿಯಾಗುತ್ತದೆ ಎಂದು ಹೇಳಿ ಒಂದೊಂದೇ ತೊಟ್ಟು ಹಾಕಿದ.

ಮೊದಲನೆಯದು ಕಡುನೀಲಿ.

ಎರಡನೆಯದು, ಗಾಳೆಮ್ಮನದು, ಕಡುನೀಲಿ.

ಮೂರನೆಯದು ನೀಲಿಯಾಗಲೇ ಇಲ್ಲ. ಅಯೋಡಿನ್ನಿನ ಹಳದಿ ಹಾಗೆಯೇ ಉಳಿಯಿತು. ಬಟ್ಟಲನ್ನು ಓರೆ ಮಾಡಿದಾಗ ಗಂಜಿ ನೀರಿನಂತೆ ಹರಿಯಿತು.

ನಾಲ್ಕನೆಯದು ಮತ್ತೆ ಕಡುನೀಲಿ.

ಬಿಸಿಲಿನಲ್ಲಿದ್ದ ಗಾಳೆಮ್ಮ ಮೊಣಕಾಲ ಮೇಲೆ ಎದ್ದು ಬಗ್ಗಿ ನೋಡಿದಳು.

"ಆಕಿ ಡಬ್ಬಿ ಹಿಟ್ಟು ಸತ್ತಿದ್ದು," ಎಂದ ಗ್ಯಾನಪ್ಪ. "ಅದರಿಂದ ಒಂದು ಎಳಿನೂ ಹಾಳಾಗೂದಿಲ್ಲ."

ಮುದಿಯಪ್ಪ ಅಷ್ಟು ಸುಲಭಕ್ಕೆ ಬಿಡುವವನಲ್ಲ. "ಈಗ ಹುರದಿಟ್ಟಿರಬೇಕು. ಸಿಕ್ಕೊಂಡೆ ಅಂತ ಗೊತ್ತಾದ ಮ್ಯಾಲ ಹುರದಾಳ. ತಂದ ದಿನ ಹುರದದ್ದಕ್ಕ ಸಾಕ್ಷಿ ಯಾರು?"

ಗಾಳೆಮ್ಮ ಹೇಳಲೋ ಬೇಡವೋ ಎನ್ನುವಂತೆ ಮುದಿಯಪ್ಪನ ಮನೆಯ ಬಾಗಿಲ ಕಡೆ ನೋಡಿದಳು.

"ಸಾಕ್ಷಿ ನಾ ಅದೀನಿ."

ಬಾಗಿಲಲ್ಲಿ ಪಕ್ಕೀರವ್ವ ನಿಂತಿದ್ದಳು. ಗ್ಯಾನಪ್ಪನ ಅಕ್ಕ, ಮುದಿಯಪ್ಪನ ಹೆಂಡತಿ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು. ಹೋದ ಸೋಮವಾರ ಮೂರನೇ ಹಾಸು ಹೋದ ಸುದ್ದಿ ಕೊಪ್ಪಳಕ್ಕೆ ಮುಟ್ಟಿದಾಗ ಆಕೆ ತಮ್ಮನ ಮನೆಯ ಒಲೆಯ ಮುಂದೆ ಕೂತು, ಜ್ವರ ಬಂದ ಅವನ ಹೆಂಡತಿಗೆ ಗಂಜಿ ಕಾಸುತ್ತಿದ್ದಳು. ಸುದ್ದಿ ಕೇಳಿ ಸೌಟು ಕೈಬಿಟ್ಟಿದ್ದಳು.

"ಆಕಿ ಮನ್ಯಾಗ ದೊಡ್ಡ ಹಂಚಿಲ್ಲ," ಎಂದಳು ಪಕ್ಕೀರವ್ವ. "ನಮ್ಮ ಹಿತ್ತಲ ಒಲಿ ಮ್ಯಾಲ ಹುರಕೊಂಡು ಹೋಗ್ಯಾಳ. ಗ್ಯಾನಪ್ಪ ಡಬ್ಬಿ ಕೊಟ್ಟ ದಿನಾನ. ಮೊದಲನೇ ಹಾಸು ಹಾಳಾಗೂಕಿಂತ ಎಷ್ಟೋ ಮೊದಲ."

"ನೀ ಒಳಗ ನಡಿ," ಎಂದ ಮುದಿಯಪ್ಪ.

ಪಕ್ಕೀರವ್ವ ಹೋಗಲಿಲ್ಲ.

ಜಿಲಾನಸಾಬ ಮೀಸೆ ನೀವಿದ. ಮಂದ ಮನುಷ್ಯನಂತೆ ಕಂಡರೂ ಠಾಣೆಯಲ್ಲಿ ಇಪ್ಪತ್ತು ವರ್ಷ ಕಳೆದವನು.

"ಹಂಗಾದ್ರ ಮಾಸ್ತರ, ಹಸಿ ಹಿಟ್ಟು ಯಾರ ಹತ್ರ ಐತಿ? ಎಷ್ಟು ಡಬ್ಬಿ ಕೊಟ್ಟೀರಿ ನೀವು?"

ಈ ಪ್ರಶ್ನೆ ಬರುತ್ತದೆ ಎಂದು ಗ್ಯಾನಪ್ಪ ಯೋಚಿಸಿಯೇ ಇರಲಿಲ್ಲ. ಗಾಳೆಮ್ಮನನ್ನು ಬಿಡಿಸುವ ಆವೇಶದಲ್ಲಿ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ನೋಡಿರಲಿಲ್ಲ.

"ಎರಡು," ಎಂದ.

"ಎರಡನೇದು?"

"ನಮ್ಮ ಮಾಂವಗ ಹೊಟ್ಟಿ ಸರಿ ಇರೂದಿಲ್ಲ. ತೆಳ್ಳನ ಗಂಜಿ ಕುಡೀಲಿ ಅಂತ... ಅಕ್ಕನ ಕೈಯಾಗ ಕೊಟ್ಟೀನಿ."

ಮುದಿಯಪ್ಪ ಕಟ್ಟೆಯಿಂದ ಇಳಿದುಬಿಟ್ಟ. "ಎಲಾ ಇವನ! ತಿರುಗಿ ನನ್ನ ಮನಿಗೇ ಬಂದ್ಯಾ? ಹೆಣ್ಣು ಕೊಟ್ಟ ಮನಿ ಅಂತ ಮುಖ ನೋಡಿ ಸುಮ್ಮನಿದ್ರ ಪಂಚರ ಮುಂದ ನನ್ನ ಮಾನ ಕಳೀತೀಯಾ?"

"ಮಾನ!" ಗ್ಯಾನಪ್ಪ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. "ಮೂರು ವಾರ ಆಕಿ ಮಾನ ಈ ಕಟ್ಟಿ ಮ್ಯಾಲ ಹರಾಜಿಗಿಟ್ರಿ. ಮನಿ ಹೊಕ್ಕು ಗೂಡು ತಡಕಾಡಿದ್ರಿ. ಬಿಸಲಾಗ ಕೂಸಿನ್ನ ಕುಂಡ್ರಿಸೀರಿ. ಆವಾಗ ಮಾನ ಎಲ್ಲಿತ್ತು ಮಾಂವಾ? ಕೇಳ್ರಿ ಈಗ. ಕುದಿಸಿದ್ರ ಸತ್ವ ಸಾಯ್ತೈತಿ, ನಾಲ್ಕನೇ ಬಟ್ಟಲ ನೋಡೀರಿ. ಗಾಳೆಮ್ಮ ಗಂಜಿ ಮುಟ್ಟೂದು ಕುದಿಯೂತನಕ ಅಷ್ಟ. ಇಳಿಸಿದ ಮ್ಯಾಲ ಹತ್ತು ಮಾರು ದೂರ ನಿಲ್ಲು ಅಂತ ನೀವ ಕಟ್ಟಳೆ ಮಾಡೀರಿ. ಗಂಡ ಸತ್ತಾಕಿ ನೆರಳು ಪೂಜಿ ಗಂಜಿಗೆ ಬೀಳಬಾರದು ಅಂತ. ಆರಿದ ಗಂಜಿಗೆ ಆಕಿ ಕೈ ಹೋಗಾಕ ನೀವ ಬಿಟ್ಟಿಲ್ಲ. ಹಂಗಾದ್ರ ಆರಿದ ಗಂಜಿಗೆ ಹಿಟ್ಟು ಹಾಕೂದು ಯಾರು?"

ಉತ್ತರ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ.

ಹಿಂದೆ ಪ್ರತಿ ಮನೆಯೂ ಕೇರಿಯ ಗಂಜಿಗೆ ಹಿಡಿ ಹಿಟ್ಟು ಕೊಡುತ್ತಿತ್ತು. ಆ ನೆನಪಿಗೆ ಈಗಲೂ ಸೋಮವಾರ ಗಂಜಿ ಉಗುರುಬೆಚ್ಚಗಾದ ಮೇಲೆ ಹಿರಿಯನ ಮನೆಯಿಂದ ಪೂಜೆಯ ತಾಟು ಬರುತ್ತದೆ. ತಾಟಿನಲ್ಲಿ ಅರಿಶಿನದ ಭಂಡಾರ, ಹೂವು, ಒಂದು ಹಿಡಿ ಹಿಟ್ಟು. ಹಿರಿಯ ತನ್ನ ಕೈಯಿಂದ ಆ ಹಿಟ್ಟನ್ನು ಗಂಜಿಯ ಹರವಿಗೆ ಹಾಕಿ ತಿರುವುತ್ತಾನೆ. ಆಮೇಲೆಯೇ ಹಾಸಿನ ನೂಲಿಗೆ ಗಂಜಿ ಬಳಿಯುವುದು.

ಮುದಿಯಪ್ಪ ತನ್ನ ಬಲಗೈಯನ್ನು ತಾನೇ ನೋಡಿಕೊಂಡ. ಅವನ ದನಿ ಕುಗ್ಗಿತು. "ಹಾಕಾಂವ ನಾನ, ಖರೆ. ಆದ್ರ ತಾಟಿನಾಗ ಇದ್ದದ್ದನ್ನ ಹಾಕೀನಿ. ಅದು ಯಾವ ಹಿಟ್ಟು ಅಂತ ನಂಗೇನ ಗೊತ್ತು? ನೇಯಾಂವ ನಾ. ನನ್ನ ಎರಡು ಹಾಸೂ ಹಾಳಾಗ್ಯಾವ, ಮರೀಬ್ಯಾಡ."

ಅದೂ ನಿಜವಿತ್ತು. ಹಾಳಾದ ಮೂರರಲ್ಲಿ ಎರಡು ಅವನವೇ.

"ತಾಟು ತುಂಬಾವ್ರು ಯಾರು?" ಎಂದ ಜಿಲಾನಸಾಬ.

"ನಾ ತುಂಬ್ತೀನಿ," ಎಂದಳು ಪಕ್ಕೀರವ್ವ.

ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು. ಕೈಯಲ್ಲಿ ಇನ್ನೊಂದು ತಗಡಿನ ಡಬ್ಬಿ. ಅದೇ ದುಂಡು ಅಕ್ಷರ. ಕಟ್ಟೆಯ ಮೇಲೆ ಬೋರಲು ಹಾಕಿ ತಟ್ಟಿದಳು. ಒಂದು ಚಿಟಿಕೆಯಷ್ಟು ಹಿಟ್ಟು ಉದುರಿತು, ಅಷ್ಟೇ.

"ಮನಿ ಹಿಟ್ಟಿಂದು, ಇದು, ಎರಡೂ ಡಬ್ಬಿ ಒಂದ ಗೂಡಿನಾಗಿದ್ವು. ಮನಿ ಹಿಟ್ಟು ಅಂತ ಇದನ್ನ ತಗದು ತಾಟಿಗೆ ಹಾಕೀನಿ. ನಂಗೂ ಓದಾಕ ಬರೂದಿಲ್ಲ. ತಪ್ಪಾತ್ರಿ ಜಮಾದಾರ್ರ. ಮೂರೂ ಸೋಮವಾರ ನಾನ ಹಾಕೀನಿ."

ಕೇರಿಗೆ ಕೇರಿಯೇ ನಿಟ್ಟುಸಿರು ಬಿಟ್ಟಿತು. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

"ಪಾಪ, ಗೊತ್ತಿಲ್ಲದ ಮಾಡ್ಯಾಳ."

"ಮನಿ ಅಂದ ಮ್ಯಾಲ ಡಬ್ಬಿ ಅದಲಿ ಬದಲಿ ಆಗತಾವ."

"ದೊಡ್ಡ ಮನಿ ಹೆಣ್ಮಗಳು. ಬೇಕಂತ ಮಾಡ್ತಾಳೇನು? ಬಿಡ್ರಿ ಜಮಾದಾರ್ರ, ಮುಗಸ್ರಿ."

ನೋಡಿದಿರಾ? ಅದೇ ಹಿಟ್ಟು, ಅದೇ ಹಾಸು. ಗಾಳೆಮ್ಮನ ಗೂಡಿನಲ್ಲಿ ಸಿಕ್ಕಾಗ ಅದು ಅಪರಾಧ, ಠಾಣೆ, ಮಗ್ಗದ ಕುಣಿಗೆ ಮಣ್ಣು. ಹಿರಿಯನ ಮನೆಯಲ್ಲಿ ಸಿಕ್ಕಾಗ ಬರೀ ತಪ್ಪು. ಬಿಸಿಲಿಗೆ ಕೂಡಿಸುವ ಮಾತೇ ಇಲ್ಲ. ಒಬ್ಬ ಎದ್ದು ಪಕ್ಕೀರವ್ವನಿಗೆ ಕಟ್ಟೆಯ ಮೇಲೆ ಜಾಗ ಬಿಟ್ಟ.

ಜಿಲಾನಸಾಬ ಪುಸ್ತಕ ತೆರೆದು ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಒತ್ತಿದ. "ತಪ್ಪಿನಿಂದ ಆದದ್ದು. ಮೂರೂ ಸೋಮವಾರ ಪಕ್ಕೀರವ್ವ. ಬರಕೋತೀನಿ. ಮಾಸ್ತರ, ನಿಮ್ಮ ಸಹಿ ಬೇಕು. ಖರೆ ಹೌದಲ್ಲ?"

ಗ್ಯಾನಪ್ಪ ಅಕ್ಕನ ಮುಖ ನೋಡಿದ. ಆಕೆ ಅವನನ್ನು ನೋಡಲಿಲ್ಲ. ಆಕೆಯ ಕಣ್ಣು ತನ್ನ ಮನೆಯ ಕಡೆ, ಲಾಳಿಯ ಸದ್ದು ಬರುತ್ತಿದ್ದ ಕಡೆ, ಒಂದು ಸಲ ಹೋಗಿ ಬಂತು.

ಹೋದ ಸೋಮವಾರ. ಒಲೆಯ ಮುಂದೆ ಅಕ್ಕ. ಕೈಬಿಟ್ಟ ಸೌಟು.

ಸಹಿ ಮಾಡಿದರೆ ಎಲ್ಲ ಮುಗಿಯುತ್ತದೆ. ಗಾಳೆಮ್ಮನಿಗೆ ಬಿಡುಗಡೆ, ಅಕ್ಕನಿಗೆ ಶಿಕ್ಷೆಯಿಲ್ಲ, ಯಾರ ಮನೆಯೂ ಮುರಿಯುವುದಿಲ್ಲ. ತನ್ನನ್ನು ಸಾಕಿದ ಅಕ್ಕ ಹೆತ್ತ ಮಗನಿಗಾಗಿ ಕೇಳುತ್ತಿರುವುದು ಒಂದು ಸಹಿ ಮಾತ್ರ. ಬೆಳಗಿನಿಂದ ಖರೆ ಖರೆ ಎಂದು ಕೂಗಿದ ಗ್ಯಾನಪ್ಪ ಈಗ ಕೈ ಚಾಚಿದ. ಪೆನ್ಸಿಲ್ ಕೈಗೆ ಬಂತು.

"ಮಾಸ್ತರ," ಎಂದಳು ಗಾಳೆಮ್ಮ. ಬಿಸಿಲಿನಲ್ಲಿಯೇ ಎದ್ದು ನಿಂತಿದ್ದಳು, ಕೂಸು ಸೊಂಟದ ಮೇಲಿತ್ತು. ಇಷ್ಟು ಹೊತ್ತು ಅಪಾ ಎಂದವಳು ಈಗ ಮಾಸ್ತರ ಎಂದಿದ್ದಳು. "ಅಕ್ಕಾರು ತಪ್ಪಿ ಹಾಕ್ಯಾರ, ಆಗ್ಲಿ. ನಾ ಒಂದು ಮಾತು ಕೇಳ್ತೀನಿ. ನಮ್ಮನ್ಯಾಗ ಅಂಥಾ ಡಬ್ಬಿ ಐತಿ ಅಂತ ಹುಲಿಗೆಪ್ಪಗ ಹೆಂಗ ಗೊತ್ತಾತು? ಸೀದಾ ಬಂದ, ಗೂಡಿಗೆ ಕೈ ಹಾಕಿದ, ತಗೊಂಡು ಹೋದ. ಬ್ಯಾರೆ ಒಂದು ಗಡಿಗಿನೂ ಮುಟ್ಟಲಿಲ್ಲ. ಇದಕ್ಕ ನಿಮ್ಮ ಬಟ್ಟಲ ಏನ ಹೇಳ್ತಾವ?"

ಆಕೆ ಗ್ಯಾನಪ್ಪನ ಕೈಯಲ್ಲಿದ್ದ ಪೆನ್ಸಿಲಿನತ್ತ ಬೆರಳು ತೋರಿಸಿದಳು.

"ನನ್ನ ಸಲುವಾಗಿ ಖರೆ ಹೇಳಿದ್ರಿ. ನಿಮ್ಮ ಮನಿ ಮಟ ಬಂದಾಗ ಅದೂ ಸಾಯ್ತೈತೇನು?"

ಗ್ಯಾನಪ್ಪನ ಕಿವಿ ಕೆಂಪಾದವು. ತಾನು ಮುಂಬಯಿಯಲ್ಲಿ ಪ್ರೊಫೆಸರರ ಉತ್ತರಕ್ಕೆ ಎದುರು ಕೇಳಲಾಗದೆ ನುಂಗಿದ ಮಾತನ್ನು ಈ ಹೆಣ್ಣುಮಗಳು ಮೂವತ್ತು ಗಂಡಸರ ಮುಂದೆ ಕೇಳಿದ್ದಳು. ಅವನು ಪೆನ್ಸಿಲನ್ನು ಕಟ್ಟೆಯ ಮೇಲೆ ಇಟ್ಟ.

"ಗ್ಯಾನಾ," ಎಂದಳು ಪಕ್ಕೀರವ್ವ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. "ಬ್ಯಾಡೋ."

"ಬರಕೋಬ್ಯಾಡ್ರಿ ಜಮಾದಾರ್ರ," ಎಂದ ಗ್ಯಾನಪ್ಪ. ಮಾತು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳಿದ. "ಹೋದ ಸೋಮವಾರ ನಮ್ಮಕ್ಕ ಈ ಕೇರಿಯಾಗ ಇರಲಿಲ್ಲ. ಶನಿವಾರದಿಂದ ನಮ್ಮ ಮನ್ಯಾಗಿದ್ದಳು. ಅವತ್ತು ತಾಟು ತುಂಬಿದ ಕೈ ಆಕಿದಲ್ಲ."

ಟಕ್ ಟಕ್ ಎನ್ನುತ್ತಿದ್ದ ಲಾಳಿ ನಿಂತಿತು.

ಆ ಸದ್ದು ನಿಂತ ಮೇಲೆಯೇ ಅದು ಇಷ್ಟು ಹೊತ್ತು ಇತ್ತೆಂದು ಎಲ್ಲರ ಕಿವಿಗೂ ಗೊತ್ತಾಯಿತು. ಮನೆಯ ಹಿಂಭಾಗದಲ್ಲೆಲ್ಲೋ ಬಾಗಿಲ ಅಗುಳಿ ಸರಿದ ಸದ್ದು ಕೇಳಿತು.

ಜಿಲಾನಸಾಬ ಪುಸ್ತಕ ಬಿಸಾಕಿ ಓಡಿದ. ಆದರೆ ಅವನಿಗಿಂತ ಮೊದಲೇ ಮುದಿಯಪ್ಪ ಹೊಸ್ತಿಲಿಗೆ ಮುಟ್ಟಿದ್ದ. ಮೂರು ವಾರ ನ್ಯಾಯ ನ್ಯಾಯ ಎಂದು ಕಟ್ಟೆ ಗುದ್ದಿದ ಹಿರಿಯ ಈಗ ಎರಡೂ ಕೈ ಬಾಗಿಲಿಗೆ ಅಡ್ಡ ಚಾಚಿ ನಿಂತಿದ್ದ. ಅಂದು ತಾಟು ತಂದು ಕೈಗಿಟ್ಟವರು ಯಾರೆಂದು ಅವನಿಗೆ ನೆನಪಾಗಿತ್ತು.

"ಒಳಗ ಕಾಲಿಡಬ್ಯಾಡ್ರಿ. ಇದು ಹಿರ್ಯಾನ ಮನಿ."

ಜಮಾದಾರ ಕೈಯೆತ್ತಿದ, ಇಳಿಸಿದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನನ್ನು ದೂಡಿ ಒಳಗೆ ಹೋಗುವ ಧೈರ್ಯ ಅವರಲ್ಲಿ ಒಬ್ಬನಿಗೂ ಇರಲಿಲ್ಲ.

ಗಾಳೆಮ್ಮ ಕೂಸನ್ನು ಸೊಂಟದಿಂದ ಇಳಿಸಿ ಪಕ್ಕೀರವ್ವನ ಮಡಿಲಿಗೆ ಹಾಕಿದಳು, ನೆರಳಿನಲ್ಲಿ. ಸೆರಗು ಬಿಗಿದು ಕಟ್ಟಿದಳು.

"ಆ ಬಾಗಿಲಾಗ ನಮ್ಮನ್ನ ಎಂದೂ ಬಿಟ್ಟಿಲ್ರಿ ಜಮಾದಾರ್ರ," ಎಂದಳು. "ಹಿತ್ತಲ ದಾರಿ ನಂಗ ಗೊತ್ತೈತಿ. ಬರ್ರಿ."